ಫೋನಿನಲ್ಲಿ ನೋಡಿದ ಕಾರು

ಮೂವತ್ತು ವರ್ಷ ನಾನು ಕಾರಿನ ಎಡಗಡೆ ಸೀಟಿನಲ್ಲಿ ಕೂತು ಅನ್ನ ಸಂಪಾದಿಸಿದವಳು. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಡ್ರೈವಿಂಗ್ ಸ್ಕೂಲ್ ಇತ್ತು. ಸ್ಕೂಲ್ ಅಂದರೆ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ಟ್ರಾಫಿಕ್ ಚಿಹ್ನೆಗಳ ಪಟ, ಹೊರಗೆ ನಿಂತಿರುವ ಒಂದು ಪುಟ್ಟ ಕಾರು. ಕಲಿಸುವ ಕಾರಾದ್ದರಿಂದ ಎಡಗಡೆ ನನ್ನ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ಸ್ಟೀರಿಂಗ್ ಮಾತ್ರ ಯಾವತ್ತೂ ಕಲಿಯುವವರ ಕೈಯಲ್ಲಿ. ನನ್ನ ಬಳಿ ಬರುತ್ತಿದ್ದವರೆಲ್ಲ ಹೆಂಗಸರೇ. ಶಿವಾಜಿನಗರದಿಂದ ಬುರ್ಖಾ ತೊಟ್ಟು ಬರುತ್ತಿದ್ದವರು, ಹಲಸೂರಿನ ತಮಿಳು ಟೀಚರುಗಳು, ದೊಮ್ಮಲೂರಿನ ಆಫೀಸುಗಳ ಹುಡುಗಿಯರು, ಗಂಡನಿಗೆ ಹೇಳದೆ ಕಲಿಯುತ್ತಿದ್ದ ಅಜ್ಜಿಯರು. "ಬ್ರೇಕ್ ಹಾಕಮ್ಮಾ" ಎಂಬುದನ್ನು ನಾಲ್ಕು ಭಾಷೆಗಳಲ್ಲಿ ಕಿರುಚಬಲ್ಲೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುತ್ತಾರೆ, ಸುಳ್ಳಲ್ಲ. ಆದರೆ ನನ್ನ ಕೈಯಲ್ಲಿ ಕಲಿಯುವಾಗ ಒಬ್ಬರಿಗೂ ಒಂದು ಗೀರೂ ಆಗಿಲ್ಲ ಎಂಬ ಜಂಬವೂ ನನಗಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಒಂದು ಬೆಳಿಗ್ಗೆ ದೊಮ್ಮಲೂರಿನ ಸಿಗ್ನಲಿನಲ್ಲಿ ನನ್ನ ಶಿಷ್ಯೆಯೊಬ್ಬಳು ಹಸಿರು ದೀಪ ಬಂದ ಮೇಲೂ ಕಾರನ್ನು ಮೂರು ಸಲ ಆಫ್ ಮಾಡಿ ಕೂತಿದ್ದಳು. ಹಿಂದಿನವರೆಲ್ಲ ಹಾರ್ನ್ ಒತ್ತಿ ನಮ್ಮಿಬ್ಬರ ವಂಶವನ್ನೂ ಜಾಲಾಡುತ್ತಿದ್ದರು. ಆಗ ಪಕ್ಕದಿಂದ ಒಂದು ಕೆಂಪು ಕಾರು ಸರಿದುಹೋಯಿತು. ಎರಡೇ ಸೀಟು, ಮೇಲೆ ಚಾವಣಿ ಇಲ್ಲ, ನೆಲಕ್ಕೆ ಅಂಟಿಕೊಂಡಂಥ ಮೈ. ಓಡಿಸುತ್ತಿದ್ದವರು ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಹೆಂಗಸು. ಒಂದು ಮೊಣಕೈಯನ್ನು ಬಾಗಿಲ ಮೇಲಿಟ್ಟು, ಯಾರ ಗೊಡವೆಯೂ ಇಲ್ಲದವರಂತೆ ಹೋದರು. ಅವರ ಪಕ್ಕದ ಸೀಟು ಖಾಲಿ ಇತ್ತು. ಆ ಖಾಲಿ ಸೀಟು ನೋಡಿ ನನಗೆ ಹೊಟ್ಟೆ ಉರಿದುಹೋಯಿತು. ಅಂಥದೇ ಒಂದು ಕಾರು ಕೊಂಡು, ಪಕ್ಕದಲ್ಲಿ ಯಾರನ್ನೂ ಕೂರಿಸಿಕೊಳ್ಳದೆ ಓಡಿಸುತ್ತೇನೆ ಎಂದು ಅವತ್ತೇ ತೀರ್ಮಾನಿಸಿದೆ.

ಅದು ನಮ್ಮ ದೇಶದಲ್ಲೇ ಕೆಲವೇ ಕೆಲವು ತಯಾರಾಗಿ ನಿಂತುಹೋದ ಕಾರು. ಫೈಬರಿನ ಮೈ, ಒಳಗೆ ಕಬ್ಬಿಣದ ಚೌಕಟ್ಟು, ಮಾಮೂಲಿ ಸಂಸಾರಸ್ಥರ ಕಾರಿನಿಂದ ತಂದು ಕೂರಿಸಿದ ಎಂಜಿನ್. ಇಟ್ಟುಕೊಂಡವರು ಮಾರುವುದಿಲ್ಲ, ಮಾರಿದರೂ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಕೈಬದಲಾಗಿರುತ್ತದೆ. ಹಾಗೆ ನೋಡುತ್ತ ನೋಡುತ್ತ ವರ್ಷಗಳು ಉರುಳಿದವು. ಹೋದ ವರ್ಷ ನನ್ನ ಎಡ ಮಂಡಿ ಕೈಕೊಟ್ಟಿತು. ಮೂವತ್ತು ವರ್ಷ ಇನ್ನೊಬ್ಬರ ತಪ್ಪಿಗೆ ಕ್ಲಚ್ ತುಳಿದದ್ದರ ಫಲ. ಡಾಕ್ಟರು ಎಕ್ಸ್‌ರೇ ನೋಡಿ, "ಆಪರೇಷನ್ ಒಂದು ವರ್ಷ ಮುಂದಕ್ಕೆ ಹಾಕಬಹುದು. ಆಮೇಲೆ ಕ್ಲಚ್ ತುಳಿಯೋಕಾಗತ್ತೆ ಅಂತ ನಾನು ಗ್ಯಾರಂಟಿ ಕೊಡಲ್ಲಮ್ಮ. ಆಟೋಮ್ಯಾಟಿಕ್ ಕಾರು ತಗೊಂಡುಬಿಡಿ" ಅಂದರು. ನಾನು ಸ್ಕೂಲನ್ನು ಬೇರೆಯವರಿಗೆ ಬಿಟ್ಟುಕೊಟ್ಟೆ. ಅದರಿಂದ ಬಂದದ್ದು ಒಂದು ಹಳೇ ಕಾರಿಗೆ ಸಾಕಾಗುತ್ತಿತ್ತು, ಎರಡನೆಯದಕ್ಕೆ ಇಲ್ಲ. ಕೈಯಲ್ಲಿ ಒಂದು ವರ್ಷ, ಒಂದೇ ಒಂದು ಕಾರಿನ ಅವಕಾಶ. ಹುಡುಕಲು ಕೂತೆ.

ಅಣ್ಣ ನಕ್ಕ. ನಾವು ಹಲಸೂರು ಕೆರೆಯ ಹಿಂದೆ ಸೊಪ್ಪು ಬೆಳೆಯುತ್ತಿದ್ದವರ ಮನೆಯವರು. ಈಗ ಆ ಜಾಗದಲ್ಲಿ ಕಟ್ಟಿದ ಮನೆಗಳ ಬಾಡಿಗೆ ಬರುತ್ತದೆ, ಅಣ್ಣನಿಗೆ ಬಾಡಿಗೆದಾರರ ಮುಂದೆ ಗಾಂಭೀರ್ಯ ಕಾಪಾಡಿಕೊಳ್ಳುವ ಚಿಂತೆ. "ಈ ವಯಸ್ಸಲ್ಲಿ ಸೂರಿಲ್ದಿರೋ ಕಾರಲ್ಲಿ ಓಡಾಡ್ತೀಯಾ? ಜನ ಏನಂದ್ಕೋತಾರೆ?" ಅಂದ.

"ನಮ್ಮ ತಾತ ಗಾಡೀಲಿ ಸೊಪ್ಪು ಹಾಕ್ಕೊಂಡು ರಸೆಲ್ ಮಾರುಕಟ್ಟೆಗೆ ಹೋಗ್ತಿದ್ರಲ್ಲ, ಅದಕ್ಕೆ ಸೂರಿತ್ತಾ?" ಅಂದೆ.

ಐದು ತಿಂಗಳ ಹುಡುಕಾಟದ ಮೇಲೆ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಅದೇ ಕಾರು, ಅದೇ ಕೆಂಪು. ಒಬ್ಬರೇ ಓನರ್, ಮಿಂಟ್ ಕಂಡಿಷನ್, ಅಂದರೆ ಹೊಚ್ಚಹೊಸದರಂತೆ. ಇರುವ ಊರು ಜಾಮ್‌ನಗರ, ಗುಜರಾತಿನಲ್ಲಿ ಸಮುದ್ರದ ಪಕ್ಕ. ಮಿಂಟ್ ಕಂಡಿಷನ್ ಎಂದು ಬರೆಯುವವರನ್ನು ಕಂಡರೆ ನನಗಾಗದು. ಆದರೂ ಕೂಡಲೇ ಆ ನಂಬರಿಗೆ ಫೋನು ಮಾಡಿದೆ. ಎರಡು ದಿನ ರೈಲಿನಲ್ಲಿ ಕೂತು ಹೋಗಿ ನೋಡುವುದಕ್ಕೆ ಮಂಡಿ ಒಪ್ಪುವ ಹಾಗಿರಲಿಲ್ಲ. ಇಲ್ಲಿಂದಲೇ ನೋಡಬೇಕು, ಇಲ್ಲಿಂದಲೇ ತೀರ್ಮಾನಿಸಬೇಕು. ಆಗಲಿ ಅಂದುಕೊಂಡೆ.

ಜಾಹೀರಾತು ಹಾಕಿದ್ದವನು ಕಾರಿನ ಈಗಿನ ಒಡತಿಯ ಮೈದುನ. ಕಾರು ಅವನ ಅಣ್ಣನದು, ಅಣ್ಣ ತೀರಿಹೋಗಿ ಎರಡು ವರ್ಷವಾಗಿತ್ತು. ಅವನು ಒಂದು ವಿಡಿಯೊ ಕಳಿಸಿದ. ಕಾರನ್ನು ಆಗಷ್ಟೇ ತೊಳೆದಿದ್ದ. ನೀರು ಬಿದ್ದ ಮೈಯಲ್ಲಿ ಗೀರು ಕಾಣುವುದಿಲ್ಲ, ಬಣ್ಣದ ವ್ಯತ್ಯಾಸ ಕಾಣುವುದಿಲ್ಲ. ಎಂಜಿನ್ ಸದ್ದಿನ ಮೇಲೆ ಯಾವುದೋ ಹಾಡು ಬೇರೆ ಅಂಟಿಸಿದ್ದ. ಆಮೇಲೆ ತಾನೇ ಓಡಿಸಿಯೂ ತೋರಿಸಿದ, ಬಲು ಚೆನ್ನಾಗಿ. ಅದೇ ನನಗೆ ಬೇಡವಾದದ್ದು. ಪಳಗಿದ ಡ್ರೈವರ್ ಕಾರಿನ ದೋಷವನ್ನೆಲ್ಲ ತನ್ನ ಕಾಲಿನಲ್ಲಿ ನುಂಗಿಕೊಳ್ಳುತ್ತಾನೆ. ಗೇರು ಸಿಕ್ಕಿಕೊಂಡರೆ ಅವನ ಕೈ ತಾನಾಗಿಯೇ ಅರೆಕ್ಷಣ ಕಾಯುತ್ತದೆ, ಕ್ಲಚ್ ಸವೆದಿದ್ದರೆ ಕಾಲು ತಾನಾಗಿಯೇ ಹೊಂದಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರು ಕೂತರೆ ಐದು ನಿಮಿಷದಲ್ಲಿ ಕಾರಿನ ಜಾತಕವೆಲ್ಲ ಹೊರಗೆ ಬೀಳುತ್ತದೆ. ನಾನು ಬಾಳಿನಲ್ಲಿ ಕಂಡುಕೊಂಡ ಒಂದೇ ಒಂದು ವಿದ್ಯೆ ಇದು.

ದುಡ್ಡು ತೆಗೆದುಕೊಂಡು ಕಾರು ಪರೀಕ್ಷಿಸಿ ಕೊಡುವವರ ಒಂದು ವರದಿಯನ್ನೂ ತರಿಸಿದೆ. ಉದ್ದಕ್ಕೂ ಹಸಿರು ಟಿಕ್ಕುಗಳು. ಕ್ಲಚ್ ಎಂಬುದರ ಮುಂದೆ "ಓಕೆ" ಎಂದಿತ್ತು. ಎಷ್ಟು ಎತ್ತರಕ್ಕೆ ಹಿಡಿಯುತ್ತದೆ, ನಡುಗುತ್ತದೆಯೋ, ಬಿಸಿಯಾದ ಮೇಲೆ ಬದಲಾಗುತ್ತದೆಯೋ, ಒಂದೂ ಇಲ್ಲ. ನನ್ನ ಮಂಡಿಯ ಬಗ್ಗೆ ಡಾಕ್ಟರು ಹೀಗೆ "ಓಕೆ" ಎಂದು ಬರೆದಿದ್ದರೆ ಅವರನ್ನು ಸುಮ್ಮನೆ ಬಿಡುತ್ತಿದ್ದೆನೇ? ವರದಿಯನ್ನು ಅಲ್ಲಿಗೇ ಬಿಟ್ಟೆ.

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನನ್ನ ಸ್ಕೂಲ್ ಕಾರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ ಸಾಹೇಬರೊಬ್ಬರಿದ್ದಾರೆ. ಹಳೇ ಗಾಡಿಗಳ ಕೊಡುಕೊಳ್ಳುವಿಕೆಯಲ್ಲಿ ಅವರ ಮಾತು ಆ ಗಲ್ಲಿಗೆಲ್ಲ ಕೊನೆಯ ಮಾತು. ಅವರ ಮುಂದೆ ಹೋಗಿ ಕೂತು ಏನೇನು ನೋಡಬೇಕೆಂದು ಬರೆದುಕೊಂಡೆ. ಚಹಾ ತರಿಸಿ ಒಂದೊಂದಾಗಿ ಹೇಳಿದರು. ಏಳುವಾಗ ಒಂದು ಮಾತು ಸೇರಿಸಿದರು: "ಮೇಡಂ, ಸಬ್ ಐಬ್ ಏಕ್ ದಮ್ ನಕೋ ಬೋಲೋ. ಏಕ್ ಮುಟ್ಠಿ ಮೇ ರಖೋ."

ಐಬ್ ಎಂದರೆ ದೋಷ. ಕಂಡ ದೋಷವನ್ನೆಲ್ಲ ಒಂದೇ ಸಲ ಹೇಳಬೇಡಿ, ಒಂದನ್ನು ಮುಷ್ಟಿಯಲ್ಲಿ ಇಟ್ಟುಕೊಳ್ಳಿ. ಕೊನೆಯಲ್ಲಿ ಮಾರುವವರು ಹಟ ಹಿಡಿದಾಗ ಮುಷ್ಟಿ ಬಿಚ್ಚಬೇಕು, ಆಗ ಅವರು ತಣ್ಣಗಾಗುತ್ತಾರೆ. ಶಿವಾಜಿನಗರದಲ್ಲಿ ಹಳೇ ಗಾಡಿ ಕೊಳ್ಳುವವರೆಲ್ಲ ಹೀಗೆಯೇ ಮಾಡುವುದು. ನಾನೂ ಸ್ಕೂಲಿನ ಕಾರುಗಳನ್ನು ಹೀಗೆಯೇ ಕೊಂಡಿದ್ದೆ, ಯಾವತ್ತೂ ತಪ್ಪೆನ್ನಿಸಿರಲಿಲ್ಲ.

ಮೈದುನ ಕೆಲಸಕ್ಕೆಂದು ಸೂರತ್ತಿಗೆ ಹೊರಟುಹೋದ. ಇನ್ನು ಮುಂದೆ ಅತ್ತಿಗೆಯ ಜೊತೆ ಮಾತಾಡಿ ಎಂದು ನಂಬರು ಕೊಟ್ಟ. ಸೋಮವಾರ ಬೆಳಿಗ್ಗೆ ಆರೂವರೆಗೆ ನಾನು ವಿಡಿಯೊ ಕರೆ ಮಾಡಿದೆ. ನಲವತ್ತೈದರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಬಾಯಿ ತುಂಬ ಮಾತು. ಮನೆಯಲ್ಲೇ ಬಾಂಧಣಿ ಸೀರೆಗಳಿಗೆ, ಬಣ್ಣಕ್ಕೆ ಅದ್ದುವ ಮುಂಚೆ, ದಾರದ ಗಂಟು ಕಟ್ಟುವ ಕೆಲಸ. ಅವರದು ಗುಜರಾತಿ ಬೆರೆತ ಹಿಂದಿ, ನನ್ನದು ಶಿವಾಜಿನಗರದ ಉರ್ದು. ಎರಡರ ನಡುವೆ ಹೇಗೋ ಸಾಗಿತು, ಇಲ್ಲಿ ಅದನ್ನು ಕನ್ನಡದಲ್ಲೇ ಬರೆಯುತ್ತೇನೆ.

"ನಂಗೆ ಕಾರಿನ ವಿಷಯ ಏನೂ ಗೊತ್ತಿಲ್ಲ ಕಣ್ರೀ" ಅಂದರು.

"ಅದೇ ಬೇಕಾಗಿದ್ದು. ನಾನು ಹೇಳಿದ ಹಾಗೆ ಮಾಡಿ ಸಾಕು."

ಮೊದಲ ದಿನ ಮೈ ನೋಡಿದೆವು. ಫೈಬರಾದ್ದರಿಂದ ಅಯಸ್ಕಾಂತ ಹಿಡಿದು ಪ್ರಯೋಜನವಿಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಫೋನನ್ನು ಮೈಗೆ ತೀರ ಹತ್ತಿರ ಹಿಡಿದು ನಿಧಾನವಾಗಿ ನಡೆಯಲು ಹೇಳಿದೆ. ಎಲ್ಲಾದರೂ ಪೆಟ್ಟು ಬಿದ್ದಿದ್ದರೆ ಬಣ್ಣದ ಕೆಳಗೆ ಜೇಡರ ಬಲೆಯಂಥ ಬಿರುಕು ಇರುತ್ತದೆ. ಹಿಂದಿನ ಬಲ ಮೂಲೆಯಲ್ಲಿ ಅಂಗೈಯಗಲ ಒಂದು ಸಿಕ್ಕಿತು. "ಅದಾ? ಅವರು ಗೇಟಿಗೆ ಗುದ್ದಿದ್ದು. ಗೇಟನ್ನೇ ಬೈದರು" ಎಂದು ಅವರು ನಕ್ಕರು. ಬೆರಳ ಗೆಣ್ಣಿನಿಂದ ಒಂದೊಂದೇ ಕಡೆ ತಟ್ಟಿಸಿ ಕೇಳಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಸಿದೆ. ಕಾರು ಯಾವಾಗಲಾದರೂ ನೆರೆಯ ನೀರಿನಲ್ಲಿ ಮುಳುಗಿದ್ದರೆ ಯಾರೂ ಎಳೆಯದ ಆ ಕೊನೆಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಗೆರೆ ಇರಲಿಲ್ಲ. ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಮೂಸಲು ಹೇಳಿದೆ. "ಅವರ ಸಿಗರೇಟು" ಅಂದರು, ಕಾರ್ಪೆಟ್ಟನ್ನು ಇನ್ನೊಮ್ಮೆ ಮೂಸಿದರು. ನಾನು ನೋಡಬೇಕಾದ್ದನ್ನು ನೋಡಿ ಮುಗಿಸಿ ಫೋನಿಟ್ಟೆ.

ಮಂಗಳವಾರ ಕೆಳಭಾಗ. ಸಮುದ್ರದ ಉಪ್ಪುಗಾಳಿ ಕಬ್ಬಿಣದ ಚೌಕಟ್ಟನ್ನು ತಿಂದಿದೆಯೇ ಎನ್ನುವುದು ದೊಡ್ಡ ಭಯ. ಅವರು ನೆಲಕ್ಕೆ ಚಾಪೆ ಹಾಸಿ ಮಲಗಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಸ್ಕ್ರೂಡ್ರೈವರು ಹಿಡಿದು ನಾನು ಹೇಳಿದಲ್ಲೆಲ್ಲ ಹಿಡಿಕೆಯಿಂದ ಬಡಿದರು. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತಿಂದುಹೋದದ್ದು ಮಂಕಾಗಿ ಬದ್ ಅನ್ನುತ್ತದೆ. ಎಲ್ಲ ಕಡೆ ಠಣ್. ಕೊನೆಗೆ ಫೋನು ಮುಂದಿನ ಎಡ ಚಕ್ರದ ಒಳಮೈಯ ಮೇಲೆ ಒಂದು ಕ್ಷಣ ನಿಂತಿತು. ಟೈರಿನ ಒಳಪಕ್ಕದಲ್ಲಿ ಒಂದು ಒದ್ದೆಯ ಹೊಳಪು. ಅದರ ಮೇಲೆ ಬ್ರೇಕಿನ ಎಣ್ಣೆ ಹೋಗುವ ರಬ್ಬರ್ ಪೈಪು, ಅದರ ಬುಡದಲ್ಲಿ ಬೆವರು.

ಬ್ರೇಕ್ ಪೈಪು ಸೋರುತ್ತಿದೆ ಎಂದು ನನಗೆ ತಕ್ಷಣ ಗೊತ್ತಾಯಿತು. ಮುಷ್ಟಿಯಲ್ಲಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಐಬ್ ಎಲ್ಲಿ ಸಿಕ್ಕೀತು? ಕೇಳಿದರೆ ಯಾರಿಗಾದರೂ ಭಯವಾಗುವಂಥದು, ಸರಿಮಾಡಲು ಮಾತ್ರ ಅರ್ಧ ಗಂಟೆಯ ಕೆಲಸ. "ಇನ್ನೂ ಸ್ವಲ್ಪ ಬಲಕ್ಕೆ ತೋರಿಸಿ" ಅಂದೆ. ಅವರು ತೋರಿಸಿದರು.

ಬುಧವಾರ ಎಂಜಿನ್. ಸ್ಟಾರ್ಟ್ ಮಾಡುವ ಮೊದಲು ಅವರಿಂದ ಅಂಗೈ ಇಡಿಸಿ ಅದು ತಣ್ಣಗಿದೆಯೆಂದು ಖಚಿತಪಡಿಸಿಕೊಂಡೆ. ಬಿಸಿ ಮಾಡಿಟ್ಟ ಎಂಜಿನ್ ಯಾವುದಾದರೂ ಒಂದೇಟಿಗೆ ಎದ್ದುಬಿಡುತ್ತದೆ. ಇದು ತಣ್ಣಗಿದ್ದೂ ಎರಡನೇ ಸಲಕ್ಕೆ ಎದ್ದಿತು. ಹೊಗೆಯಲ್ಲಿ ನೀಲಿ ಇಲ್ಲ. ಉಳಿದದ್ದು ಕ್ಲಚ್ ಮತ್ತು ಗೇರು. ಅದಕ್ಕೆ ಕಾರು ಚಲಿಸಬೇಕು.

"ನಿಮ್ಮಲ್ಲಿ ಚೆನ್ನಾಗಿ ಡ್ರೈವಿಂಗ್ ಬರದೇ ಇರೋರು ಯಾರಿದ್ದಾರೆ?" ಎಂದು ಕೇಳಿದೆ.

"ಇದೆಂಥ ಪ್ರಶ್ನೆ! ನಾನೇ ಇದ್ದೀನಲ್ಲ. ಹದಿನೆಂಟು ವರ್ಷ ಈ ಕಾರಿನ ಎಡಗಡೆ ಕೂತಿದ್ದೆ. ಸ್ಟೀರಿಂಗ್ ಮುಟ್ಟೋಕೆ ಬಿಟ್ಟಿಲ್ಲ ಅವರು."

"ಹಾಗಾದ್ರೆ ನಾಳೆ ನೀವೇ ಓಡಿಸ್ತೀರಿ."

ನಾನು ಮಾಡಿದ್ದನ್ನು ಇದ್ದ ಹಾಗೇ ಹೇಳಬೇಕು. ಬ್ರೇಕ್ ಸೋರುತ್ತಿದೆ ಎಂದು ಗೊತ್ತಿದ್ದೂ ಒಬ್ಬ ಹೊಸಬರನ್ನು ಆ ಕಾರಿನಲ್ಲಿ ಕೂರಿಸಿದೆ. ಮನಸ್ಸಿನಲ್ಲಿ ಲೆಕ್ಕ ಹಾಕಿದ್ದೆ: ಮನೆಯ ಮುಂದಿನ ಅಂಗಳ, ಸುತ್ತ ಗೋಡೆ, ನಡಿಗೆಯ ವೇಗ, ಒಂದನೇ ಗೇರು ಮೀರಿದರೆ ಎರಡು. ಬರೀ ಬೆವರಿದೆ ಅಷ್ಟೇ, ಹನಿಕ್ಕುತ್ತಿಲ್ಲ. ಆದರೂ ನನ್ನೊಳಗಿನ ಟೀಚರು ಸುಮ್ಮನಿರಲಿಲ್ಲವಾದ್ದರಿಂದ ಒಂದು ನಿಯಮ ಕಟ್ಟಿ ಹೇಳಿದೆ: "ಗೇರು ಹಾಕಿದ ತಕ್ಷಣ ಎಡಗೈ ಹ್ಯಾಂಡ್‌ಬ್ರೇಕ್ ಮೇಲೆ ವಾಪಸ್ ಬರ್ಬೇಕು. ಯಾವಾಗ್ಲೂ. ಇದು ರೂಲು." ಅಂಥ ರೂಲು ಯಾವುದೂ ಇಲ್ಲ, ಎಣ್ಣೆ ಸೋರಿದರೂ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆ ಎಂದು ಕಟ್ಟಿದ್ದು. ನನ್ನ ಯಾವ ಶಿಷ್ಯೆಗೂ ನಾನದನ್ನು ಹೇಳಿದವಳಲ್ಲ. ಅವರು ಚಾಚೂ ತಪ್ಪದೆ ಪಾಲಿಸಿದರು.

ಫೋನನ್ನು ಎಡಗಡೆ ಸೀಟಿನ ತಲೆದಿಂಬಿಗೆ ದುಪಟ್ಟಾದಿಂದ ಕಟ್ಟಿಸಿದೆ. ಗುರುವಾರ ಏಳು ಸಲ ಕಾರು ಆಫ್ ಆಯಿತು. ನಾನು ಕಿರುಚಿದೆ, ಅವರು ತಿರುಗಿ ಕಿರುಚಿದರು. ಶುಕ್ರವಾರ ಅವರ ಪಾದ ಮೊದಲ ಸಲ ಕ್ಲಚ್ಚಿನ ಆ ಜಾಗವನ್ನು ಹಿಡಿಯಿತು, ಕಾರು ಉಸಿರೆಳೆದುಕೊಂಡ ಹಾಗೆ ಮೂತಿ ಎತ್ತಿ ಮುಂದೆ ಸರಿಯಿತು. ಗಂಟು ಕಟ್ಟುವವರ ಬೆರಳಿನ ನಯ ಅವರ ಕಾಲಿಗೂ ಇತ್ತು. ಬೇರೆಯವರಿಗೆ ಹದಿನೈದು ದಿನ ಹಿಡಿಯುವುದನ್ನು ಎರಡೇ ದಿನದಲ್ಲಿ ಕಲಿತರು. ನನಗೆ ಬೇಕಾದ್ದೂ ಸಿಕ್ಕಿತು. ಕ್ಲಚ್ ಅರ್ಧಕ್ಕೆ ಹಿಡಿಯುತ್ತದೆ, ನಡುಕವಿಲ್ಲ. ಎರಡನೇ ಗೇರು ತಣ್ಣಗಿದ್ದಾಗ ಒಮ್ಮೆ ಗೊಣಗುತ್ತದೆ, ಆಮೇಲೆ ಇಲ್ಲ. ಅದೂ ಹೆದರುವಂಥದಲ್ಲ. ಶುಕ್ರವಾರ ಫೋನಿಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಜೋರಾಗಿ ನಕ್ಕೆ. ಕಾರು ನನ್ನದು. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಹೋಗುವುದು, ಕೆ.ಆರ್. ಪುರಂ ದಾಟಿ ಹೊಸಕೋಟೆ ಕಡೆಗೆ ಬಿಡುವುದು, ಎಲ್ಲ ಕಣ್ಣ ಮುಂದೆ ಬಂದವು.

ಸಾಹೇಬರಿಗೆ ಫೋನು ಮಾಡಿ ಎಲ್ಲ ಒಪ್ಪಿಸಿದೆ. "ಮುಟ್ಠಿ ಕಬ್ ಖೋಲ್ತೀಂ?" ಅಂದರು. ಸೋಮವಾರ ಬೆಲೆಯ ಮಾತು, ಆಗ ಬಿಚ್ಚುತ್ತೇನೆ ಅಂದೆ. ಶನಿವಾರ ಜಾಮ್‌ನಗರದವರಿಗೆ ಸೀರೆಯ ಕೆಲಸವಿತ್ತು, ಪಾಠ ಇರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಅವರೇ ಕರೆ ಮಾಡಿದರು. ಮುಖ ಬೆವರಿತ್ತು, ಸೆರಗು ಹೆಗಲಿಗೆ ಜಾರಿತ್ತು. ಇಷ್ಟು ಚೆನ್ನಾಗಿ ಅವರ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಟೀಚರ್, ಗೇಟು ತೆಗೆದು ಹೋದೆ! ಹಾಲಿನ ಬೂತ್‌ವರೆಗೂ ಹೋದೆ. ಒಬ್ಬಳೇ. ಜನ ಎಲ್ಲ ಎದ್ದು ನಿಂತು ನೋಡಿದ್ರು."

ನಾನು ಫೋನನ್ನು ಕಣ್ಣಿನ ಹತ್ತಿರ ತಂದೆ.

"ಬೈಬೇಡಿ. ನಂಗೊತ್ತು, ನೀವು ಕೇಳಿದ್ರೆ ಬೇಡ ಅಂತಿದ್ರಿ. ಇನ್ನೊಂದು ವಿಷಯ ಹೇಳ್ಬೇಕು. ನಾನು ಕಾರು ಮಾರಲ್ಲ. ಮೈದುನನಿಗೂ ಹೇಳಿಬಿಟ್ಟೆ. ನಿಮ್ಮ ಸಮಯ ಹಾಳಾಯ್ತು, ಕ್ಷಮಿಸ್ಬೇಕು. ಆದ್ರೆ ನನ್ನ ಕೈಯಲ್ಲಿ ಆಗಲ್ಲ."

ನನ್ನ ಮೈಯೆಲ್ಲ ಉರಿಯಿತು. ಐದು ತಿಂಗಳ ಹುಡುಕಾಟ, ಒಂದು ವಾರ ಗಂಟಲು ಹರಿದುಕೊಂಡದ್ದು, ಸವೆದ ಈ ಮಂಡಿ. ನನ್ನ ಕಾರನ್ನು ನಾನೇ ಪಾಠ ಹೇಳಿ ಇನ್ನೊಬ್ಬರ ಕೈಗೆ ಕೊಟ್ಟಿದ್ದೆ. ಇಂಥ ಪೆದ್ದುತನವನ್ನು ಡ್ರೈವಿಂಗ್ ಕಲಿಸುವವರನ್ನು ಬಿಟ್ಟು ಬೇರೆ ಯಾರೂ ಮಾಡಲಾರರು. ಬಾಯಿಗೆ ಬಂದದ್ದನ್ನು ಅಂದು ಫೋನಿಡೋಣ ಎಂದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಅವರು ಮುಂದುವರಿಸಿದರು.

"ಒಂದು ಕ್ಷಣ ಮಾತ್ರ ಜೀವ ಬಾಯಿಗೆ ಬಂದಿತ್ತು. ವಾಪಸ್ ಬರುವಾಗ ಗೇಟಿನ ಹತ್ರ ಬ್ರೇಕ್ ಒತ್ತಿದ್ರೆ ಕಾಲು ಒಳಗೆ ಇಳಿದುಹೋಯ್ತು, ಕಾರು ನಿಲ್ತಾನೇ ಇಲ್ಲ. ಗೇಟಿನ ಕಟ್ಟೆ ಮೇಲೆ ಪಕ್ಕದ ಮನೆ ಅಜ್ಜಿ ಬಟಾಣಿ ಸುಲೀತಾ ಕೂತಿದ್ರು. ಎಡಗೈ ನೀವು ಹೇಳಿದ ಜಾಗದಲ್ಲೇ ಇತ್ತಲ್ಲ, ಎಳೆದುಬಿಟ್ಟೆ. ಒಂದು ಗೇಣು ಬಿಟ್ಟು ನಿಂತ್ಕೊಳ್ತು. ನಿಮ್ಮ ಆ ರೂಲು ನನ್ನ ಉಳಿಸ್ತು ಟೀಚರ್. ಆ ಅಜ್ಜೀನೂ ಉಳಿಸ್ತು. ನಾನು ಏನೋ ತಪ್ಪು ಒತ್ತಿರ್ಬೇಕು, ಅಲ್ವಾ?"

ಮಂಗಳವಾರ ಕಂಡ ಆ ಒದ್ದೆ ಟೈರು ಕಣ್ಣ ಮುಂದೆ ಬಂತು. ಹೌದು ನೀವೇ ತಪ್ಪು ಒತ್ತಿದಿರಿ, ಆ ಕಾರನ್ನು ಒಮ್ಮೆ ಮೆಕ್ಯಾನಿಕ್ಕಿಗೆ ತೋರಿಸಿಬಿಡಿ ಎಂದಿದ್ದರೆ ಸಾಕಿತ್ತು. ಅವರೂ ಸುರಕ್ಷಿತ, ನನ್ನ ಮರ್ಯಾದೆಯೂ ಸುರಕ್ಷಿತ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಆ ಹೆಂಗಸು ಇನ್ನು ಮೇಲೆ ತನ್ನ ಕಾಲನ್ನೇ ನಂಬದೆ ಹೋಗುತ್ತಾರೆ. ಬ್ರೇಕ್ ಒತ್ತಿದಾಗಲೆಲ್ಲ ತಪ್ಪು ನನ್ನದೇ ಅಂದುಕೊಳ್ಳುವವರು ಎಷ್ಟೋ ಜನ ನನ್ನ ಪಕ್ಕದಲ್ಲಿ ಕೂತಿದ್ದಾರೆ. ಹಾಗೆ ಹೆದರಿದವರು ಕಾರು ಬಿಟ್ಟುಬಿಡುತ್ತಾರೆ.

"ನೀವು ಸರಿಯಾಗೇ ಒತ್ತಿದ್ದೀರಿ. ಮುಂದಿನ ಎಡ ಚಕ್ರದಲ್ಲಿ ಬ್ರೇಕಿನ ಪೈಪು ಸೋರ್ತಿದೆ. ಅದು ಬದಲಾಯಿಸೋವರೆಗೂ ಕಾರು ಮುಟ್ಬೇಡಿ. ಅಂಗಳದಲ್ಲೂ ಬೇಡ."

"ಹೌದಾ? ಈಗ ಹೇಗೆ ಗೊತ್ತಾಯ್ತು ನಿಮಗೆ?"

"ಈಗಲ್ಲ. ಮಂಗಳವಾರ ನೋಡಿದೆ."

ಅವರು ಫೋನನ್ನು ಮುಖದಿಂದ ಸ್ವಲ್ಪ ದೂರ ಹಿಡಿದರು. ಲೆಕ್ಕ ಹಾಕುತ್ತಿದ್ದಾರೆಂದು ನನಗೆ ಗೊತ್ತಾಗುತ್ತಿತ್ತು. ಗುರುವಾರ, ಶುಕ್ರವಾರ.

"ಮಂಗಳವಾರ ಗೊತ್ತಿದ್ದು ಗುರುವಾರ ನನ್ನ ಕೂರಿಸಿದ್ರಾ?"

"ಕೂರಿಸಿದೆ. ಬೆಲೆ ಇಳಿಸೋಕೆ ಅಂತ ಹೇಳದೆ ಇಟ್ಕೊಂಡಿದ್ದೆ. ಹ್ಯಾಂಡ್‌ಬ್ರೇಕ್ ರೂಲೂ ಅದಕ್ಕೇ ಕಟ್ಟಿದ್ದು. ಅಂಥ ರೂಲು ಇಲ್ಲ. ತಪ್ಪು ನಂದು."

ಅವರು ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಕರೆ ನಿಂತಿತು.

ಸೋಮವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಶಿವಾಜಿನಗರಕ್ಕೆ ಹೋದೆ. ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಗಡ್ಡ ನೀವಿಕೊಂಡು "ಮೈ ಬೋಲಾ ಸೋ ಗಾಡೀಕೇ ಐಬ್, ಬ್ರೇಕ್ ಕಾ ನೈ" ಅಂದರು. ತಾವು ಹೇಳಿದ್ದು ಗಾಡಿಯ ಐಬಿನ ಮಾತು, ಬ್ರೇಕಿನದಲ್ಲ. ಬ್ರೇಕಿನದು ಮುಚ್ಚಿಡುವಂಥದಲ್ಲ ಎಂದು ನಾನೇ ತಿಳಿಯಬೇಕಿತ್ತು, ಅವರು ಹೇಳಿಕೊಡಬೇಕಾಗಿರಲಿಲ್ಲ. ಮಂಡಿ ನೋಯುತ್ತಿದ್ದರೂ ಐದು ಅಂಗಡಿ ಹತ್ತಿಳಿದು ಆ ಎಂಜಿನ್ನಿನ ಮೂಲ ಕಾರಿಗೆ ಹೊಂದುವ ಹೊಸ ಪೈಪು ಹುಡುಕಿದೆ. ಒಂದು ಚಕ್ರಕ್ಕಲ್ಲ, ನಾಲ್ಕಕ್ಕೂ. ಹೇಗೆ ಹಾಕಬೇಕು, ಹಾಕಿದ ಮೇಲೆ ಒಳಗಿನ ಗಾಳಿ ಹೇಗೆ ತೆಗೆಯಬೇಕು ಎಂದು ಹಿಂದಿಯಲ್ಲಿ ಬರೆದು, ಅವರ ಊರಿನ ಮೆಕ್ಯಾನಿಕ್ಕಿಗೆ ಕೊಡಿ ಎಂದು ಸೇರಿಸಿ, ಕೊರಿಯರ್‌ಗೆ ಹಾಕಿದೆ. ಕ್ಷಮೆಯ ಮಾತನ್ನು ಮೂರು ಸಲ ಬರೆದು ಮೂರು ಸಲವೂ ಹರಿದೆ.

ಹತ್ತು ದಿನವಾದರೂ ಉತ್ತರವಿರಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ ಒಂದು ವಿಡಿಯೊ ಬಂತು. ಚಕ್ರದ ಒಳಗಿನ ಹೊಸ ಪೈಪು, ಒಣಗಿದ ಟೈರು. ಆಮೇಲೆ ಫೋನನ್ನು ಎಲ್ಲೋ ಎತ್ತರದಲ್ಲಿ ಇಟ್ಟಿದ್ದರು. ಕೆಂಪು ಕಾರು ಅಂಗಳದ ಆ ತುದಿಯಿಂದ ಬಂದು, ಗೇಟಿಗೆ ಇನ್ನೂ ಎರಡು ಮಾರು ಇರುವಾಗಲೇ ನೇರವಾಗಿ ನಿಂತಿತು. ಅವರ ಎರಡೂ ಕೈ ಸ್ಟೀರಿಂಗ್ ಮೇಲಿದ್ದವು. ಅಷ್ಟು ಮಾತಿನ ಹೆಂಗಸು ಆ ವಿಡಿಯೊದಲ್ಲಿ ಒಂದು ಅಕ್ಷರವೂ ಆಡಿರಲಿಲ್ಲ.

ಅದನ್ನು ಎಷ್ಟು ಸಲ ನೋಡಿದೆನೋ. ಕಾರು ತಪ್ಪಿದ್ದಕ್ಕೆ ಸಂಕಟವಿಲ್ಲ ಎಂದರೆ ಸುಳ್ಳಾಗುತ್ತದೆ, ಇದೆ. ಇನ್ನೊಂದಕ್ಕಾಗಿ ಹುಡುಕುತ್ತಲೇ ಇದ್ದೇನೆ, ಬಿಡುವವಳಲ್ಲ. ನಾಸಿಕ್‌ನಲ್ಲಿ ಒಂದಿದೆಯಂತೆ. ಮೊದಲ ಕರೆಯಲ್ಲೇ ಆ ಮಾಲೀಕರಿಗೆ, ಕಂಡದ್ದನ್ನೆಲ್ಲ ಕಂಡ ಕೂಡಲೇ ಹೇಳುತ್ತೇನೆ, ಬೆಲೆ ಆಮೇಲೆ ಮಾತಾಡೋಣ ಅಂದಿದ್ದೇನೆ. ಆದರೆ ಮೂವತ್ತು ವರ್ಷದಲ್ಲಿ ನನ್ನ ಬಳಿ ಕಲಿತವರ ಪೈಕಿ ಅಷ್ಟು ಬೇಗ, ಅಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ಆ ವಿಡಿಯೊದ ಕೆಳಗೆ "ಬ್ರೇಕ್ ಹಾಕಿದ್ದು ಸರಿಯಾಗಿದೆ" ಎಂದು ಬರೆದೆ. ಅವರು ಓದಿದ್ದಾರೆ. ಉತ್ತರ ಬಂದಿಲ್ಲ.